ಮೇಲ್ಪದರ

ಸಕ್ಕರೆ ಡಬ್ಬ ಅಲುಗಿಸಿದರೆ ದಪ್ಪ ಹರಳು ಮೇಲೆ ಬಂದು ಕೂರುತ್ತದೆ, ಸಣ್ಣದು ಸದ್ದಿಲ್ಲದೆ ತಳ ಸೇರುತ್ತದೆ, ಇದು ಅವಳಿಗೆ ಗೊತ್ತಿತ್ತು, ಎಂ.ಎಸ್ಸಿ. ಓದಿದವಳಿಗೆ ಗೊತ್ತಿರದೆ ಏನು — ಎಷ್ಟು ಹೊತ್ತು ಅಲುಗಿಸ್ತೀಯೇ, ಚಹಾ ಆರಿಹೋಯ್ತು, ಅತ್ತೆಯ ದನಿ, ಗಂಡನ ಕಾರ್ಯ ಮುಗಿಸಿ ನೆಂಟರೆಲ್ಲ ಹೊರಟುಹೋದ ಮೊದಲ ಬೆಳಗು, ಅಭ್ಯಾಸಬಲದಿಂದ ಮೂರು ಲೋಟ. ಕಾರ್ಖಾನೆಯಲ್ಲೂ ಸಕ್ಕರೆಯೇ, ಕೆಳಗೆ ಅವನು ಬೀಸುತ್ತಿದ್ದ, ಮೇಲೆ ಲ್ಯಾಬಿನಲ್ಲಿ ಅವಳು ಪುಡಿಯ ಕಣ ಎಷ್ಟು ಸಣ್ಣದೆಂದು ಅಳೆಯುತ್ತಿದ್ದಳು, ನಾನು ಬೀಸೋದು ನೀನು ಮಾರ್ಕ್ಸ್ ಹಾಕೋದು, ಸ್ಕೂಲ್ ಟೀಚರನ್ನ ಕಟ್ಕೊಂಡ ಹಾಗಾಯ್ತಲ್ಲೇ — ಆ ದಿನ ಡ್ರಮ್ಮನ್ನು ಕೈಗಾಡಿಯಲ್ಲಿ ಕುಲುಕಿಸಿಕೊಂಡು ತಂದಿದ್ದರು, ತಳದವರೆಗೆ ಇಳಿಸಿ ಹಿಡಿ ತಿರುಗಿಸಿ ಪುಡಿ ತೆಗೆಯುವ ಉದ್ದನೆಯ ಕೊಳವೆ ಗೂಟದಲ್ಲಿರಲಿಲ್ಲ, ಚಮಚ ಇತ್ತು, ಮೇಲಿಂದ ಒಂದು ಚಮಚ, ಲೇಸರ್ ಯಂತ್ರ ಸುಳ್ಳು ಹೇಳುವುದಿಲ್ಲ, ಕೊಟ್ಟದ್ದನ್ನಷ್ಟೇ ಅಳೆಯುತ್ತದೆ, ಇನ್ನೂರು ಮೈಕ್ರಾನ್, ದಪ್ಪ ಪುಡಿ, ಧೂಳೇಳುವುದಿಲ್ಲ, ಸಹಿ ಅವಳದೇ, ಆ ಸಹಿ ನಂಬಿ ಅವನು ಧೂಳೆಳೆಯುವ ಫ್ಯಾನ್ ಹಾಕದೆ ಡ್ರಮ್ಮು ಸುರಿದ, ತಳದಲ್ಲಿದ್ದ ನುಣ್ಣನೆಯದು ಹೊಗೆಯಂತೆ ಎದ್ದಿತು, ಎಲ್ಲೋ ಒಂದು ಕಿಡಿ, ಗಾಳಿಯಲ್ಲಿದ್ದ ಸಕ್ಕರೆ ಧೂಳು ಮದ್ದಿನಂತೆ ಸಿಡಿಯಿತು — ಮೇಲೆ ಅವಳ ಮೇಜಿನ ಗಾಜುಗಳು ಒಮ್ಮೆ ಕಿಣಿಕಿಣಿ ಎಂದವು, ಅಷ್ಟೆ.

ಕೊಳವೆ ಮನೆಯಲ್ಲೇ ಇದೆ, ಬಾಗಿಲ ಹಿಂದೆ, ಆ ದಿನದ ಹಿಂದಿನ ಸಂಜೆ ಅವನೇ ಲ್ಯಾಬಿನಿಂದ ಕೇಳಿ ತಂದದ್ದು, ಹಿಡಿ ಬಿಗಿಯಾಗಿದೆ, ನಿನ್ನ ಕೈ ಉಳುಕುತ್ತೆ, ಎಣ್ಣೆ ಬಿಟ್ಟು ಕೊಡ್ತೀನಿ, ಬೆಳಿಗ್ಗೆ ಒಯ್ಯಲು ಮರೆತ, ಈಗ ಒಂದೇ ಬೆರಳಿಗೆ ತಿರುಗುತ್ತದೆ, ಬಸ್ಸಿನಲ್ಲಿ ಅದನ್ನೇ ಹಿಡಿದು ನಿಂತಳು, ಮೀನು ಹಿಡಿಯೋಕಾ ಮೇಡಂ ಎಂದ ಕಂಡಕ್ಟರ್, ಹೌದೆಂದು ತಲೆಯಾಡಿಸಿದಳು, ಏಕೆ ಆಡಿಸಿದಳೋ. ಲ್ಯಾಬಿನ ಹಿರಿಯರು ಎರಡೂ ಕೈಯಲ್ಲಿ ಇಸಿದುಕೊಂಡರು, ಕೂತ್ಕೋಮ್ಮ, ವಿಚಾರಣೆಯವರು ಬರ್ತಾರೆ, ನೀನು ಹೆದರಬೇಡ, ಕೊಳವೆ ಅವನೇ ಒಯ್ದಿದ್ದ, ಪುಸ್ತಕದಲ್ಲಿ ಬರೆದಿದೆ, ನಿನ್ನದೇನಿದೆ ತಪ್ಪು, ಹೋದವನನ್ನ ಯಾರು ಏನು ಮಾಡ್ತಾರೆ — ಹೂಂ ಅಂದರೆ ಸಾಕು, ಅತ್ತೆಗೂ ಹಾಗೇ ಹೇಳಬಹುದು, ನಿಮ್ಮ ಮಗನೇ ಒಯ್ದು ಇಟ್ಟುಕೊಂಡಿದ್ದ, ಅತ್ತೆ ನಂಬುತ್ತಾರೆ, ನಂಬಿ ಅವಳನ್ನೇ ಸಂತೈಸುತ್ತಾರೆ — ಇನ್ನೊಂದು ಕೊಳವೆ ಇತ್ತು ಸಾರ್, ಅಂದಳು, ಕೆಳಗೆ ಸ್ಟೋರಿನಲ್ಲಿ, ನನಗೆ ಗೊತ್ತಿತ್ತು, ಮೆಟ್ಟಿಲು ಇಳಿದು ಹತ್ತೋಕೆ ಬೇಜಾರಾಯ್ತು. ಅವರು ಬಾಗಿಲ ಕಡೆ ನೋಡಿದರು, ಮೆಲ್ಲಗೆ ಹೇಳಮ್ಮ, ಯೋಚನೆ ಮಾಡಿ ಹೇಳು — ಬರ್ಕೊಳ್ಳಿ ಸಾರ್, ಮೇಲಿಂದ ತೆಗೆದೆ, ಚಮಚದಲ್ಲಿ, ಒಂದೇ ಚಮಚ, ಮೇಲಿಂದ —