ಹಿಡಿ ಬಿಡದ ಎಡಗೈ

ಸ್ಟುಟ್‌ಗಾರ್ಟ್‌ನ ಕಡಿದಾದ ಬೀದಿಯಲ್ಲಿ ಅನ್ನೆಗ್ರೆಟ್ ತಾನು ರೂಪಿಸಿದ ಮೋಟಾರಿನ ಮಗುಗಾಡಿಯನ್ನು ಪರೀಕ್ಷಿಸುತ್ತಿದ್ದಳು. ಒಳಗೆ ಮಗುವಿನ ಬದಲು ಮರಳುಚೀಲ. ಕೈಬಿಟ್ಟರೆ ಗಾಡಿ ನಿಲ್ಲಬೇಕು. ಇದೋ ಹಿಂದಕ್ಕೇ ಬರುತ್ತಿತ್ತು. ಇವತ್ತೂ ನಿಲ್ಲದಿದ್ದರೆ ಅವಳ ಎರಡು ವರ್ಷದ ಕೆಲಸವನ್ನು ಕಂಪನಿ ಕೈಬಿಡಲಿತ್ತು.

"ನಿನ್ನ ಬಿಟ್ಟಿರೋಕಾಗಲ್ವಂತೆ ಕಣೇ ಇದಕ್ಕೆ!" ಜೊತೆಗಾರ ವೆಂಡೆಲಿನ್ ನಕ್ಕ. "ಇನ್ನೊಂದ್ಸಲ ಸೊನ್ನೆಗೆ ತಂದು ನೋಡು."

ಹಿಡಿಯ ಮೇಲಿನ ಒತ್ತಡ ಅಳೆಯುವ ಸೆನ್ಸರನ್ನು ಸೊನ್ನೆಗೆ ತರಲು ಫೋನು ತೆಗೆದವಳು ತನ್ನ ಎಡಗೈ ಕಂಡು ಬೆಚ್ಚಿದಳು. ಅದು ಹಿಡಿಯನ್ನು ಬಿಟ್ಟೇ ಇರಲಿಲ್ಲ. ಈ ಊರಿನ ಏರಿನಲ್ಲಿ ಮಗುಗಾಡಿಯಿಂದ ಕೈ ತೆಗೆಯುವ ಹೆಂಗಸು ಯಾರಿದ್ದಾಳೆ?

"ಅಯ್ಯೋ, ನನ್ನ ಕೈಭಾರವನ್ನೇ ಸೊನ್ನೆ ಅಂತ ಕಲಿಸಿದೀನಲ್ಲೋ! ಕೈ ತೆಗೆದ್ರೆ ಹಿಂದಕ್ಕೆ ಎಳೀತಿದೀನಿ ಅಂದ್ಕೊಳ್ತಿದೆ ಇದು! ಚಕ್ರಕ್ಕೆ ಕಲ್ಲು ಕೊಡೋ, ಬೇಗ!"

ಹಿಡಿ ಮುಟ್ಟದೆ ಸೊನ್ನೆಗೆ ತಂದಳು. ವೆಂಡೆಲಿನ್ ಕಲ್ಲು ತೆಗೆದ. ಗಾಡಿ ಗುಡಿಯ ಮುಂದಿನ ಬಸವನಂತೆ ಕದಲದೆ ನಿಂತಿತು.

"ದೇವರೇ, ನಿಂತಿತು!" ಎಂದು ಅನ್ನೆಗ್ರೆಟ್ ಅವನನ್ನು ಎಳೆದುಕೊಂಡು ಕುಣಿದಳು.