ಬಾಡಿಗೆ ಮನೆಯ ಮಾರುತಿ

ದೀಪಾವಳಿ ಮುಗಿದು ಮುರುಮದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸಲು ತೊಡಗಿದ್ದರು. ಬಿಸಿಲು ಇನ್ನೂ ಓಣಿಗೆ ಇಳಿದಿರಲಿಲ್ಲ, ಅಷ್ಟು ಬೆಳಿಗ್ಗೆ ಮನೀಷಾ ಬಂದಳು. ನಮ್ಮ ಮನೆಯ ಮುಂಭಾಗದ ಎರಡು ಖೋಲಿ ಬಾಡಿಗೆ ಹಿಡಿದು, ಕಬ್ಬು ಕಡಿಯಲು ಹೋಗುವವರ ಕೂಸುಗಳನ್ನು ನೋಡಿಕೊಳ್ಳುವವಳು ಅವಳೇ.

"ಕಾಕಾ, ಮನ್ಯಾಗ ಸೀಸ ಇಲ್ಲಂತ ಕೊಟ್ಟ ಸರ್ಟಿಫಿಕೇಟ್ ಮುದತ್ ಮುಗದದರಿ. ಹೊಸಾದು ಬರದಿದ್ರ ನಮಗ ಪಗಾರ ಕೊಡೋ ಸಂಸ್ಥಾದವರು ನಮಗ ಯೆಣೆಗೂರಿಗಿ ಒಯ್ತಾರ."

ಹಳೆಯ ಬಣ್ಣದಲ್ಲಿ ಸೀಸವಿರುತ್ತದಂತೆ, ಮಕ್ಕಳ ಹೊಟ್ಟೆಗೆ ಹೋದರೆ ಅವರ ಬುದ್ಧಿ ಮಂಕಾಗುತ್ತದಂತೆ. ಕೂಸುಗಳ ಖೋಲಿ ಅಷ್ಟು ದೂರದ ಯೆಣೆಗೂರಿಗೆ ಹೋದರೆ ಈ ಓಣಿಯ ತಾಯಂದಿರು ಕೂಸನ್ನು ಕಬ್ಬಿನ ಸಾಲಿನಲ್ಲಿ ಮಲಗಿಸಿ ಕೆಲಸ ಮಾಡಬೇಕು.

ಸರ್ಟಿಫಿಕೇಟ್ ಕೊಡುವ ಉಮರ್ಗಾದ ಕಚೇರಿಗೆ ಹೋದೆ. ಸಾಹೇಬರಿಲ್ಲ. ಮತ್ತೆ ಹೋದೆ. ಸಾಹೇಬರಿದ್ದರು, ತಪಾಸಣೆಯವರಿರಲಿಲ್ಲ. ಮೊಣಕಾಲು ನೋಯುತ್ತಿತ್ತು. ಎಸ್.ಟಿ. ಬಸ್ಸಿನ ಕಂಡಕ್ಟರ್ ನನ್ನ ಮುಖ ನೋಡಿಯೇ ಟಿಕೆಟ್ ಹರಿಯತೊಡಗಿದ. ಕೊನೆಗೆ ಪ್ರಾಜಕ್ತಾ ಎಂಬ ಹುಡುಗಿ ಸೀಸ ಪತ್ತೆಹಚ್ಚುವ ಕೈಯಂತ್ರ ಹಿಡಿದು ಮನೆಗೆ ಬಂದಳು. ಹೋದ ಸಲ ಬಂದವನು ಬಾಗಿಲು, ಕಿಟಕಿಯಷ್ಟೇ ನೋಡಿದ್ದ. ಈಕೆ ಅವನ್ನೂ ನೋಡಿ, ಕೂಸುಗಳ ಖೋಲಿಯ ಗೋಡೆಯ ಗೂಡಿನಲ್ಲಿದ್ದ, ಸಿಂಧೂರ ಬಳಿದ ಮಾರುತಿ ಕಲ್ಲಿಗೂ ಯಂತ್ರ ಹಿಡಿದಳು. ಯಂತ್ರ ಒದರಿತು.

"ಸಿಂಧೂರದಾಗೇ ಸೀಸ ಅದರಿ, ಆಯಿ."

ನನ್ನ ಹೆಂಡತಿ ತುಳಜಾಬಾಯಿ ಸೆರಗು ಬಿಗಿದಳು. "ಅದು ಬಣ್ಣ ಹೆಂಗಾಗ್ತದ? ನಮ್ಮ ಅತ್ತಿ ಕೂಡ್ಸಿದ ದೇವರ. ಮಾರುತಿ ಭಾಡೆ ಕೊಡಲ್ಲಂತ ಹೊರಗ ಹಾಕ್ಲತ್ತೀರಿ?"

"ದೇವರಿಗಿ ನಾ ಏನೂ ಅನ್ನಲ್ರಿ. ಮಶೀನಿಗಿ ದೇವರ ಕಾಣಲ್ಲ."

ಪ್ರಾಜಕ್ತಾ ಕಾಗದಕ್ಕೆ ಸಹಿ ಹಾಕದೆ ಹೋದಳು. ಶನಿವಾರಕ್ಕೊಮ್ಮೆ ಎಣ್ಣೆಯಲ್ಲಿ ಸಿಂಧೂರ ಕಲಸಿ ಕಲ್ಲಿಗೆ ಹಚ್ಚಿ, ಉಳಿದದ್ದನ್ನು ಕೂಸುಗಳ ಹಣೆಗಿಡುವುದು ಅವಳ ಪದ್ಧತಿ. ಮದುವೆಯಾಗಿ ಬಂದಾಗಿನಿಂದ ಅದು ತಪ್ಪಿಲ್ಲ.

ಆ ಶನಿವಾರವೂ ಹಚ್ಚಿದಳು. ಸಣ್ಣದೊಂದು ಹೆಣ್ಣುಕೂಸು ಹಣೆ ಒರೆಸಿಕೊಂಡು, ಕೆಂಪಾದ ಬೆರಳನ್ನು ಬಾಯಿಗಿಟ್ಟು ಚೀಪತೊಡಗಿತು. ತುಳಜಾಳ ಕೈ ಬಟ್ಟಲಿನಲ್ಲೇ ನಿಂತಿತು. ಬೆರಳು ಬಿಡಿಸಿ, ಸೋಪು ಹಚ್ಚಿ ತೊಳೆದಳು. ಒಂದೊಂದೇ ಕೂಸನ್ನು ಕರೆದು ಹಣೆ ತೊಳೆದಳು. ಆಮೇಲೆ ಹೊಸ್ತಿಲ ಮೇಲೆ ಕುಳಿತಳು.

"ಇಷ್ಟು ವರ್ಷ ನಾನೇ ಹಚ್ಚೀನಲ್ರೀ," ಅಂದಳು.

"ನಿನಗೇನ್ ಗೊತ್ತಿತ್ತು," ಅಂದೆ.

"ಗಾಡಿ ಹೂಡ್ರಿ. ಮಾರುತಿಗಿ ನಮ್ಮ ಹೊಲದಾಗ ಬೇವಿನ ಗಿಡದ ಬುಡಕ ಕೂಡಸ್ತೀನಿ. ಅಲ್ಲಿ ಕೂಸುಗಳು ಬರಲ್ಲ."

"ದೂರ ಅದ. ನಾಳಿ ಹೋಗಮು."

"ಅವನ ವಾರ ಇವತ್ತ ಅದ. ಇವತ್ತೇ ಹೋಗ್ಲಿ."

ಗೂಡನ್ನು ತಿಕ್ಕಿ ತೊಳೆದು ಸುಣ್ಣ ಬಳಿಸಿದೆವು. ಪ್ರಾಜಕ್ತಾ ಮತ್ತೆ ಬಂದು ನೋಡಿ ಸಹಿ ಹಾಕಿದಳು. ಮನೀಷಾ ಆ ಕಾಗದವನ್ನು ಖಾಲಿ ಗೂಡಿನಲ್ಲೇ ಇಟ್ಟಳು. ಕೂಸುಗಳು ಇಲ್ಲೇ ಉಳಿದವು. ತುಳಜಾ ಬೆಳಗಾದರೆ ಈಗಲೂ ಆ ಕಡೆ ಕೈ ಎತ್ತುತ್ತಾಳೆ, ಇಳಿಸುತ್ತಾಳೆ.

ನಮ್ಮ ಮನೆಯಿಂದ ಹೋದವನು ಮಾರುತಿಯೊಬ್ಬನೇ. ಹೋದದ್ದು ಶನಿವಾರ, ಅವಳ ಮಡಿಲಲ್ಲಿ ಕುಳಿತು.