ತುಟಿ ಓದುತ್ತಿದ್ದ ಮಾವ

ಮಾವ ಯಾರ ಕಣ್ಣನ್ನೂ ನೋಡಿ ಮಾತನಾಡಿದವರಲ್ಲ. ಅವರ ದೃಷ್ಟಿ ಸದಾ ಎದುರಿನವರ ತುಟಿಯ ಮೇಲೆ ನೆಟ್ಟಿರುತ್ತಿತ್ತು. ಮೊದಲ ದಿನ ನಾನು ಹಲ್ಲಿಗೇನೋ ಅಂಟಿಕೊಂಡಿದೆಯೆಂದು ಸಂಕೋಚಪಟ್ಟು ಬಾಯಿ ಒರೆಸಿಕೊಂಡಿದ್ದೆ. ಆಮೇಲೆ ತಿಳಿಯಿತು, ಅವರ ಆಯುಷ್ಯವೆಲ್ಲ ಸವೆದದ್ದು ಉಣ್ಣೆ ಗಿರಣಿಯ ಮಗ್ಗಗಳ ನಡುವೆ. ಆ ಸದ್ದಿನಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಪಕ್ಕದವನಿಗೆ ಕೇಳದು. ಆದ್ದರಿಂದ ಅಲ್ಲಿನವರು ದನಿಯಿಲ್ಲದೆ ತುಟಿಯಾಡಿಸಿಯೇ ಜಗಳವನ್ನೂ ಚಾಡಿಯನ್ನೂ ಮದುವೆಯ ಮಾತುಕತೆಯನ್ನೂ ಮುಗಿಸುತ್ತಾರಂತೆ.

ನಾವು ಭೇಟಿಯಾದದ್ದು ಜಾಗತೀಕರಣ ಮತ್ತು ನಾಯಕತ್ವದ ಶಿಬಿರವೊಂದರಲ್ಲಿ. ನಾನಾ ಪ್ರಾಂತ್ಯಗಳಿಂದ ಆರಿಸಿ ತಂದ ನಮಗೆಲ್ಲ ಫೆಲೋಗಳೆಂದು ಬಿರುದು, ಕೊರಳಿಗೊಂದು ಪಟ್ಟಿ. ವೈದ್ಯೆಯೊಬ್ಬಳು, ಮೀನುಗಾರರ ಸಂಘದವನೊಬ್ಬ, ಪತ್ರಿಕೆಗೆ ಅಂಕಣ ಗೀಚುವ ನಾನು, ಹೀಗೆ ಹತ್ತು ಕಡೆಯ ಹತ್ತು ಜನ. ಗಿರಣಿ ಕಾರ್ಮಿಕರ ಸಂಘದ ಅಧ್ಯಕ್ಷರಾಗಿ ಬಂದಿದ್ದ ಅವರು ವಯಸ್ಸಿನಲ್ಲಿ ಹಿರಿಯರಾದ್ದರಿಂದ ಎರಡನೆಯ ದಿನಕ್ಕೇ ಎಲ್ಲರಿಗೂ ಮಾವನಾದರು. ಸೆಕೆಯಲ್ಲಿ ನಾವೆಲ್ಲ ಬೆವರಿ ತೊಪ್ಪೆಯಾದರೂ ಅವರು ಮಾತ್ರ ತಮ್ಮ ಗಿರಣಿಯ ದಪ್ಪ ಬಟ್ಟೆಯ ಕಂದು ಕೋಟನ್ನು ಬಿಚ್ಚುತ್ತಿರಲಿಲ್ಲ. ಗಿರಣಿಯನ್ನು ಕೊಂಡ ಕಂಪನಿಯ ನಿರ್ದೇಶಕರು ಶಿಬಿರದ ಕೊನೆಗೆ ಅತಿಥಿಯಾಗಿ ಬರುವವರಿದ್ದರು. ಗಿರಣಿಯ ಮೊದಲನೆಯ ಶೆಡ್ಡಿಗೆ ಆಗಲೇ ಬೀಗ ಬಿದ್ದಿತ್ತು. ಎರಡನೆಯದರಲ್ಲಿ ಮಾವನ ಮಗಳೂ ಊರಿನ ಅರ್ಧ ಜನರೂ ದುಡಿಯುತ್ತಿದ್ದರು. ಅದನ್ನೊಂದು ಉಳಿಸಿಕೊಡಿ ಎಂದು ಕೇಳಲು, ಕೇಳುವಾಗ ಆ ಬಟ್ಟೆಯನ್ನು ತೋರಿಸಲು, ಅವರು ಬಂದಿದ್ದರು. ನಾಯಕತ್ವ ಕಲಿಯುವ ಉಮೇದು ಅವರಿಗೆ ಎಳ್ಳಷ್ಟೂ ಇರಲಿಲ್ಲ.

ಸಂಜೆ ಹಜಾರದ ಬೆಂಚಿನ ಮೇಲೆ ಕುಳಿತು, ಮೊಬೈಲಿನ ಪರದೆಯಲ್ಲಿ ಮಗಳ ಮುಖ ನೋಡುತ್ತ, ಸದ್ದನ್ನು ಪೂರ್ತಿ ಅಡಗಿಸಿ, ಅಪ್ಪ ಮಗಳು ತುಟಿಯಲ್ಲೇ ಹರಟುತ್ತಿದ್ದರು. ಪಕ್ಕದಲ್ಲಿ ಕೂತು ಕೂತು ನನಗೂ "ಉಂಡ್ಯಾ", "ಬೇಗ ಬಾ" ಎನ್ನುವಷ್ಟು ಓದಲು ಬಂದಿತ್ತು.

ನಿರ್ದೇಶಕರು ಬಂದ ದಿನ ತರಬೇತುದಾರರು ಒಂದು ಆಟ ಹೂಡಿದರು. ಕಾರ್ಖಾನೆಯೊಂದನ್ನು ಮುಚ್ಚಬೇಕು, ಒಬ್ಬರು ಮಾಲೀಕ, ಉಳಿದವರು ಕಾರ್ಮಿಕರು, ಯಾರು ಯಾರನ್ನು ಒಪ್ಪಿಸುತ್ತಾರೋ ನೋಡೋಣ. ಮಾಲೀಕನ ಪಾತ್ರ ಮಾವನಿಗೆ ಬಂತು. ಬೇಡವೆನ್ನಬಹುದಿತ್ತು. ಆದರೆ ಹಿಂದಿನ ಸಾಲಿನಲ್ಲಿ ನಿರ್ದೇಶಕರು ಕುಳಿತಿದ್ದರು, ಅವರ ಕಣ್ಣಿಗೆ ಬೀಳಬೇಕಿತ್ತು. ಮಾವ ಕೋಟಿನ ಗುಂಡಿ ಹಾಕಿಕೊಂಡು ಎದ್ದು, ನಾವು ಅದುವರೆಗೆ ಕಾಣದ ಬೇರೆಯೇ ಮನುಷ್ಯರಾಗಿಬಿಟ್ಟರು. ನಮ್ಮ ಕಷ್ಟವನ್ನು ನಮಗಿಂತ ಮೊದಲೇ ತಾವೇ ಆಡಿ ಮರುಗಿದರು. ದೂರದ ಮಾರುಕಟ್ಟೆಗಳನ್ನು ದೈವದಂತೆ ವರ್ಣಿಸಿದರು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಮ್ಮ ಒಂದೊಂದೇ ಹಟವನ್ನು ಎಳೆದು ಹಾಕಿದರು. ಮೀನುಗಾರರ ಸಂಘದ ಒರಟನೇ ಮೊದಲು ತಲೆಯಾಡಿಸಿದ. ಕೊನೆಗೆ ನಾವೆಲ್ಲ ಮುಚ್ಚಲು ಒಪ್ಪಿದೆವು, ಸಾಲದ್ದಕ್ಕೆ ಅವರಿಗೆ ವಂದನೆಯನ್ನೂ ಹೇಳಿದೆವು. ಇಷ್ಟು ಚೆನ್ನಾಗಿ ಹೇಗೆ ಮಾಡಿದಿರೆಂದು ತರಬೇತುದಾರರು ಕೇಳಿದರು.

"ಮೊದಲನೇ ಶೆಡ್ ಮುಚ್ಚಿದಾಗ ನಮಗೆ ಹೀಗೇ ಹೇಳಿದ್ರು," ಎಂದರು ಮಾವ. "ನಾನೂ ತಲೆಯಾಡಿಸಿದ್ದೆ."

ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಮರುದಿನ ನಿರ್ದೇಶಕರನ್ನು ಕಾಣಲು ಮಾವನಿಗೆ ಹತ್ತು ನಿಮಿಷ ದೊರೆಯಿತು. ಆಯೋಜಕರ ಕೋಣೆಯ ಗಾಜಿನ ಬಾಗಿಲಿನಾಚೆ ನಾವಿಬ್ಬರೂ ಕಾಯುತ್ತಿದ್ದೆವು. ಒಳಗೆ ನಿರ್ದೇಶಕರು ಕಾಫಿ ಕುಡಿಯುತ್ತ ಆಯೋಜಕರೊಡನೆ ಏನೋ ಹೇಳುತ್ತಿದ್ದರು. ಕೋಟಿನ ತೋಳಿನ ನೂಲು ಕೀಳುತ್ತಿದ್ದ ಮಾವನ ಕೈ ನಿಂತಿತು. ಮತ್ತೊಬ್ಬರ ಪತ್ರವನ್ನು ಓದಿ ಹೇಳುವವರಂತೆ, ಏರಿಳಿತವಿಲ್ಲದ ದನಿಯಲ್ಲಿ ಅವರು ಹೇಳತೊಡಗಿದರು.

"ಎರಡನೇದೂ ಮುಚ್ಚೋದು ಆಗಲೇ ತೀರ್ಮಾನ ಆಗಿದೆ ಅಂತಿದಾರೆ. ಊರಲ್ಲಿ ಹೇಳೋರು ಯಾರು ಅನ್ನೋದೇ ಚಿಂತೆ ಆಗಿತ್ತಂತೆ. ಈಗ ಅದೂ ಇಲ್ವಂತೆ. ನಿನ್ನೆ ಆಟದಲ್ಲಿ ಹೇಳಿದ ಹಾಗೆ ಈ ಯಜಮಾನರೇ ಹೇಳಿದ್ರೆ ಜನ ಕೇಳ್ತಾರೆ ಅಂತಿದಾರೆ."

ಹೋಗಬೇಡಿ ಎಂದು ನಾನು ಅವರ ಕೈ ಹಿಡಿದೆ. ಅವರು ಕೇಳಲಿಲ್ಲ, ಕೇಳಲೆಂದೇ ಬಂದವರು ಕೇಳದೆ ಹೋಗಬಾರದೆಂದು ಒಳಗೆ ನಡೆದರು. ಹೊರಬಂದಾಗ ಏನಾಯಿತೆಂದು ವಿಚಾರಿಸಿದೆ.

"ಒಳ್ಳೇ ಮನುಷ್ಯ. ಕೂರಿಸಿ ಮಾತಾಡಿಸಿದ್ರು. ಬಟ್ಟೆ ಮುಟ್ಟಿ ನೋಡಿ, ಚೆನ್ನಾಗಿದೆ ಅಂದ್ರು."

ಆ ಸಂಜೆಯೂ ಅವರು ಬೆಂಚಿನ ಮೇಲೆ ಕುಳಿತಿದ್ದರು. ಮೊದಲ ಬಾರಿಗೆ ಕೋಟು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಪರದೆಯಲ್ಲಿ ಮಗಳು ಬಂದಳು, ಏನೋ ಕೇಳಿದಳು. ಮಾವ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಹಾಗೇ ಕುಳಿತರು. ಅವಳ ತುಟಿ ಒಂದೇ ಮಾತನ್ನು ಮತ್ತೆ ಮತ್ತೆ ಆಡುತ್ತಿತ್ತು, ನನಗೂ ಓದಲು ಬಂತು: ಕೈ ತೆಗಿ ಅಪ್ಪ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮೇಲಿನವರ ಮಾತನ್ನು ಮೇಲಿನವರಿಗಿಂತ ಚೆನ್ನಾಗಿ ಬಲ್ಲವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಬಲ್ಲವರೆಂದೇ ಊರು ಅವರನ್ನು ಮುಂದೆ ಮಾಡಿ ಕಳಿಸುತ್ತದೆ. ಬಲ್ಲವರೆಂದೇ ಮೇಲಿನವರು ಅವರ ಕೈಯಲ್ಲಿ ಸುದ್ದಿ ಕೊಟ್ಟು ಊರಿಗೆ ಅಟ್ಟುತ್ತಾರೆ. ಎರಡೂ ಕಡೆಯ ಮಾತನ್ನು ಹೊತ್ತು ತಿರುಗುವ ಇಂಥವರಿಗೆ, ತಮ್ಮ ಮನೆಯ ಬಾಗಿಲಿಗೆ ಬಂದು ನಿಂತಾಗ, ಸ್ವಂತದ್ದೆಂದು ಆಡಲು ಒಂದು ಮಾತೂ ಉಳಿದಿರುವುದಿಲ್ಲ.